ಒಲೆಯ ಪಕ್ಕದ ಫೈರ್‌ವಾಲ್

ಬೆಳಿಗ್ಗೆ ಎದ್ದವಳು ಮೊದಲು ಒಲೆ ಹಚ್ಚುತ್ತಿದ್ದಳು, ಆಮೇಲೆ ಫೈರ್‌ವಾಲ್. ಹಾಲಿನ ಪಾತ್ರೆ ಒಲೆಗಿಟ್ಟು, ಅದು ಉಕ್ಕಿ ಬರುವಷ್ಟರಲ್ಲಿ, ಅಡುಗೆಕಟ್ಟೆಯ ಮೂಲೆಯಲ್ಲಿ ತೆರೆದಿಟ್ಟ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿಬಿಡುತ್ತಿದ್ದಳು. ಕಪ್ಪು ಪರದೆಯಲ್ಲಿ ‘ಆ್ಯಕ್ಟಿವ್’ ಎಂಬ ಹಸಿರು ಪದ ಮೂಡುವುದಕ್ಕೂ ಹಾಲು ಪಾತ್ರೆಯ ಅಂಚಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಹಿಟ್ಟಿನ ಪುಡಿ.

ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಸೇರಿದ್ದು ರೋಗಿಗಳ ಹೆಸರು, ವಯಸ್ಸು ಟೈಪ್ ಮಾಡುವವಳಾಗಿ. ಆಗ ಸರ್ವರ್ ನೋಡಿಕೊಳ್ಳುತ್ತಿದ್ದ ಹಿರಿಯರ ಪಕ್ಕದಲ್ಲಿ ಕೂತು, ಕೇಳಿ, ಬೈಸಿಕೊಂಡು ಕಲಿತಳು. ಅವರು ಕೆಲಸ ಬಿಟ್ಟಾಗ ಲ್ಯಾಬಿನ ಒಡತಿ ಡಾಕ್ಟರ್ ಮೇಡಂ, “ಬೇರೆಯವರು ಸಿಗೋ ತನಕ ನೀನೇ ನೋಡ್ಕೊಳಮ್ಮ” ಎಂದಿದ್ದರು. ಬೇರೆಯವರು ಸಿಗಲಿಲ್ಲ. ಹುಡುಕಿದ ನೆನಪೂ ಯಾರಿಗೂ ಇರಲಿಲ್ಲ. ಹತ್ತಿಯ ಉಂಡೆ, ಖಾಲಿ ಬಾಟಲಿಗಳನ್ನು ಇಡುತ್ತಿದ್ದ ಕಿರುಕೋಣೆಯೇ ಸರ್ವರ್ ಕೋಣೆ. ಅಲ್ಲಿನ ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇತ್ತು. ಅದನ್ನು ಚೆಲ್ಲುವುದೂ ಅವಳ ಕೆಲಸವೆಂದು ಯಾರೂ ಹೇಳಿರಲಿಲ್ಲ, ಆದರೆ ಅವಳು ರಜೆ ಹಾಕಿದ ದಿನ ಅದು ತುಂಬಿ ಹರಿಯುತ್ತಿತ್ತು.

ಲ್ಯಾಬಿನವರು ಅವಳನ್ನು ‘ಗೋಡೆಯಕ್ಕ’ ಎನ್ನುತ್ತಿದ್ದರು. ಊರಿನ ಅರ್ಧ ಜನರ ರಕ್ತದ ಗುಟ್ಟು ಆ ಸರ್ವರಿನ ಹೊಟ್ಟೆಯಲ್ಲಿತ್ತು: ಯಾರಿಗೆ ಸಕ್ಕರೆ, ಯಾರು ಬಸುರಿ, ಯಾರಿಗೆ ಹೇಳಿಕೊಳ್ಳಲಾಗದ ಸೋಂಕು. ಹೊರಗಿನಿಂದ ಅದರೊಳಗೆ ಬರಲು ಸಾವಿರಾರು ಕಿಂಡಿಗಳು. ಬೇಕಾದ ಕೆಲವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಚ್ಚಿ ಕಾವಲು ಕೂರುವುದೇ ಫೈರ್‌ವಾಲಿನ ಕೆಲಸ.

ಆದರೆ ಈ ಕಾವಲುಗಾರ ತಾನಾಗಿ ಏಳುವವನಲ್ಲ. ಲ್ಯಾಬಿನ ಹಳೆಯ ಸಾಫ್ಟ್‌ವೇರ್ ದಿನಕ್ಕೊಮ್ಮೆ ತೂಕಡಿಸುತ್ತದೆಂದು ಸರ್ವರ್ ನಸುಕಿನಲ್ಲಿ ಒಮ್ಮೆ ಆರಿ ಹೊತ್ತಿಕೊಳ್ಳುವಂತೆ ಮಾಡಿಟ್ಟಿದ್ದರು. ಹಿಂದೊಮ್ಮೆ ಹಾಗೆ ಹೊತ್ತಿಕೊಂಡಾಗ ಫೈರ್‌ವಾಲೂ ಜೊತೆಗೇ ಎದ್ದು, ರಕ್ತ ಪರೀಕ್ಷಿಸುವ ಯಂತ್ರವನ್ನೇ ಕಳ್ಳನೆಂದು ತಡೆದು ನಿಲ್ಲಿಸಿತ್ತು. ಒಂದು ಹೊತ್ತಿನ ರಿಪೋರ್ಟುಗಳೆಲ್ಲ ನಿಂತು, ಮೇಡಂ ಕೂಗಾಡಿ, ಆ ಹಿರಿಯರು ಫೈರ್‌ವಾಲ್ ತಾನಾಗಿ ಏಳುವುದನ್ನೇ ತೆಗೆದುಹಾಕಿದರು. “ಬೆಳಿಗ್ಗೆ ಕೈಯಿಂದ ಸ್ಟಾರ್ಟ್ ಮಾಡು. ಆಮೇಲೆ ಯಾರ್‍ಯಾರನ್ನ ಒಳಗೆ ಬಿಡಬೇಕು ಅಂತ ಒಂದೊಂದಾಗಿ ಹೇಳು. ಮುಗೀತು” ಎಂದಿದ್ದರು.

ಅವರಿಗೇನೋ ಮುಗಿಯಿತು. ಅವಳಿಗೆ ದಿನವೂ ಶುರುವಾಯಿತು. ಸ್ಟಾರ್ಟ್ ಎಂದರೆ ‘ಈಗ ಏಳು’ ಎಂದಷ್ಟೇ ಅರ್ಥ. ಎನೇಬಲ್ ಎಂಬ ಇನ್ನೊಂದು ಆಜ್ಞೆಯಿದೆ: ‘ಯಂತ್ರ ಎದ್ದಾಗಲೆಲ್ಲ ನೀನೂ ಏಳು, ಯಾರೂ ಕರೆಯುವುದು ಬೇಡ.’ ಅದನ್ನು ಕೊಡುವ ಮೊದಲು, ಯಾರನ್ನು ಒಳಗೆ ಬಿಡಬೇಕೆಂಬ ನಿಯಮಗಳನ್ನೆಲ್ಲ ಯಂತ್ರ ಆರಿದರೂ ಅಳಿಯದಂತೆ ಉಳಿಸಿಡಬೇಕು. ಉಳಿಸಿ, ಆರಿಸಿ ಹೊತ್ತಿಸಿ ಪರೀಕ್ಷಿಸಲು ಒಂದು ದಿನ ಅಲುಗಾಡದೆ ಕೂರಬೇಕು. ಅಂಥ ದಿನ ಬಂದಿರಲಿಲ್ಲ. ನಿಯಮಗಳು ಅವಳ ಬೆರಳುಗಳಲ್ಲಿದ್ದವು. ಜ್ವರ ಬಂದ ದಿನವೂ ಹೊದಿಕೆಯೊಳಗಿಂದ ಕೈಚಾಚಿ ಆ ಸಾಲುಗಳನ್ನು ಬರೆದು ಮತ್ತೆ ಮಲಗಿದ್ದಳು.

ಮನೆಯಲ್ಲೂ ತಾನಾಗಿ ಏಳದ ಇಂಥ ಒಬ್ಬ ಕಾವಲುಗಾರ ಇದ್ದನೆನ್ನಿ. ಗಂಡ ಕೆಟ್ಟವನಲ್ಲ. ಅಕ್ಕಪಕ್ಕದ ಹೆಂಗಸರ ಕಣ್ಣಿಗೆ ಚಿನ್ನ. “ನಿಮ್ಮನೆಯವರು ಹೇಳಿದ್ರೆ ಎಲ್ಲಾ ಮಾಡ್ತಾರೆ, ಪುಣ್ಯ ಮಾಡಿದ್ರಿ” ಎನ್ನುತ್ತಿದ್ದರು. ನಿಜ, ಹೇಳಿದರೆ ಮಾಡುತ್ತಿದ್ದ. ಕಟ್ಟಡಗಳ ನಕ್ಷೆ ಬಿಡಿಸುವುದು ಅವನ ವೃತ್ತಿ. ಊರವರ ಅಡುಗೆಮನೆಗಳಲ್ಲಿ ಕಿಟಕಿ ಎಲ್ಲಿ, ನಲ್ಲಿ ಎಲ್ಲಿ ಎಂದು ಕಣ್ಣುಮುಚ್ಚಿ ಹೇಳುವವನು, ತನ್ನ ಅಡುಗೆಮನೆಯಲ್ಲಿ ಸೌಟು ಎಲ್ಲಿದೆಯೆಂದು ಮದುವೆಯಾದಂದಿನಿಂದ ಕೇಳುತ್ತಲೇ ಇದ್ದ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಲ್ಯಾಬಿಗೆ ಇನ್ನೊಂದು ಶಾಖೆ ತೆರೆಯುವುದೆಂದಾಯಿತು. ಎರಡೂ ಕಡೆಯ ಯಂತ್ರಗಳನ್ನು ನೋಡಿಕೊಳ್ಳುವವರು ಬೇರೆ ಊರಿನಲ್ಲಿ ಒಂದು ವಾರದ ತರಬೇತಿ ಮುಗಿಸಿರಬೇಕು. ಮೇಡಂ ಅವಳನ್ನು ಕರೆದರು.

“ನೀನು ಹೋಗೋದಾದ್ರೆ ಹೋಗು. ಇಲ್ಲಾಂದ್ರೆ ಹೊರಗಿನಿಂದ ಒಬ್ರನ್ನ ಕರೆಸ್ತೀನಿ, ನೀನು ಅವರ ಕೈಕೆಳಗೆ ಈಗ ಮಾಡ್ತಿರೋದನ್ನೇ ಮಾಡ್ಕೊಂಡಿರು. ಆದ್ರೆ ನೀನಿಲ್ಲದಿರುವಾಗ ಇಲ್ಲಿ ಏನೂ ನಿಲ್ಲಬಾರದು. ಭಾನುವಾರ ಸಂಜೆಯೊಳಗೆ ಹೇಳು.”

ತರಬೇತಿಯವರ ಕಟ್ಟಳೆ ಬಿಗಿಯಾಗಿತ್ತು. ಸ್ವಂತ ಕಂಪ್ಯೂಟರ್ ತರುವಂತಿಲ್ಲ. ಫೋನನ್ನು ಬೆಳಿಗ್ಗೆಯೇ ಗೇಟಿನಲ್ಲಿ ಒಪ್ಪಿಸಿ ಸಂಜೆ ತೆಗೆದುಕೊಳ್ಳಬೇಕು. ಅಂದರೆ ಅಲ್ಲಿಂದ ಫೈರ್‌ವಾಲನ್ನೂ ಎಬ್ಬಿಸಲಾಗದು, ಮನೆಯನ್ನೂ ಎಬ್ಬಿಸಲಾಗದು.

“ಹೋಗು, ಅದಕ್ಕೇನಂತೆ” ಎಂದ ಗಂಡ. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮನ ಕಣ್ಣಿನ ಔಷಧಿ?” ಎಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ಮುಂದಿನ ವರ್ಷ ಈ ಕೋರ್ಸ್ ಇರಲ್ವಾ?” ಎಂದ.

ಅತ್ತೆಯ ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ಎರಡು ಬಾಟಲಿಯ ಹನಿಗಳು. ಒಂದನ್ನು ಹಾಕಿ, ತುಸು ಕಾದು, ಇನ್ನೊಂದು. ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವರು ಹೊತ್ತುಹೊತ್ತಿಗೆ ಸೊಸೆಯನ್ನು ಕರೆಯುತ್ತಿದ್ದರು.

ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ತುರ್ತು ರಕ್ತ ನೋಡಲು ಒಬ್ಬಳೇ ಟೆಕ್ನಿಷಿಯನ್ ಇರುತ್ತಾಳೆ. ಫೈರ್‌ವಾಲ್ ತಾನಾಗಿ ಏಳುವಂತೆ ಮಾಡಿ ಪರೀಕ್ಷಿಸಲು ಅದೇ ಸರಿಯಾದ ಹೊತ್ತು. ದಿನವೂ ಮನೆಯಿಂದ ಎಬ್ಬಿಸುವುದು ಬೇರೆ; ಅದು ಏಳುವ ರೀತಿಯನ್ನೇ ಬದಲಿಸಲು, ಎದುರಿಗೆ ಯಂತ್ರವಿಲ್ಲದೆ, ದೂರದಿಂದ ಫೈರ್‌ವಾಲಿಗೆ ಕೈಹಾಕಬಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ತಪ್ಪಾದರೆ ಅದು ಮೊದಲು ಹೊರಗೆ ಹಾಕುವುದು ನಿನ್ನನ್ನೇ ಎಂದು ಹಿರಿಯರು ಮೇಲಿಂದ ಮೇಲೆ ಹೇಳುತ್ತಿದ್ದರು. ಆದರೆ ರಜೆಯ ದಿನ ಲ್ಯಾಬಿಗೆ ಹೊರಟರೆ ಅಡುಗೆ ಯಾರದು, ಹನಿ ಹಾಕುವುದು ಯಾರು ಎಂಬ ಮಾತು ಏಳುತ್ತದೆ. ಆ ಮಾತಿಗೆ ಉತ್ತರ ಹುಡುಕುವುದಕ್ಕಿಂತ ದೂರದಿಂದ ಮಾಡಿಬಿಡುವುದೇ ಸುಲಭವಾಗಿ ಕಂಡಿತು. ಒಲೆಯ ಮೇಲೆ ಆಲೂಗಡ್ಡೆ ಬೇಯಲಿಟ್ಟು ಲ್ಯಾಪ್‌ಟಾಪ್ ತೆರೆದಳು.

ನಿಯಮಗಳನ್ನು ಒಂದೊಂದಾಗಿ ಕೊಟ್ಟಳು. ರಕ್ತದ ಯಂತ್ರವನ್ನು ಬಿಡು. ಬಿಲ್ಲಿನ ಕಂಪ್ಯೂಟರನ್ನು ಬಿಡು. ನನ್ನನ್ನು ಬಿಡು. ಇನ್ನು ಇವನ್ನೆಲ್ಲ ಉಳಿಸುವ ಆಜ್ಞೆ ಬರೆಯಬೇಕು, ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

“ನೋಡಮ್ಮಾ, ಹನಿ ಹಾಕೋ ಹೊತ್ತಾಯ್ತು.”

ಎದ್ದು ಹೋದಳು. ಮೊದಲ ಬಾಟಲಿಯ ಹನಿ ಹಾಕಿದಳು. ಬರುವಾಗ ಆಲೂಗಡ್ಡೆಗೆ ಚಮಚ ಚುಚ್ಚಿ ನೋಡಿದಳು. ಗಂಡ ಒಗೆದ ಬಟ್ಟೆಯ ಬಕೆಟ್ ಹಿಡಿದು, “ಇವಳೇ, ಇದನ್ನ ಒಳಗೆ ಹರವಲಾ, ಹೊರಗೆ ಹರವಲಾ?” ಎಂದು ಕೇಳಿದ. ಹೊರಗೆ ಎಂದಳು. ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ನಿಂತಾಗ ಎಲ್ಲಿಗೆ ಬಂದಿದ್ದೆನೆಂದು ಒಂದು ಗಳಿಗೆ ನೋಡಿದಳು. ನಿಯಮಗಳೆಲ್ಲ ಅಚ್ಚುಕಟ್ಟಾಗಿ ಪರದೆಯ ಮೇಲಿದ್ದವು. ಉಳಿಸಿಯಾಗಿದೆ ಎಂದುಕೊಂಡಳು. ಎನೇಬಲ್ ಎಂದು ಬರೆದಳು. ಆಮೇಲೆ ಸರ್ವರನ್ನು ಆರಿಸಿ ಹೊತ್ತಿಸುವ ಆಜ್ಞೆ ಕೊಟ್ಟಳು.

ಸರ್ವರ್ ಎದ್ದಿತು. ಫೈರ್‌ವಾಲೂ ಎದ್ದಿತು. ಯಾವ ನಿಯಮವೂ ನೆನಪಿಲ್ಲದೆ ಎದ್ದು ಎಲ್ಲ ಕಿಂಡಿಗಳನ್ನೂ ಮುಚ್ಚಿತು, ಅವಳದ್ದನ್ನೂ ಸೇರಿಸಿ. ದಿನವೂ ಅದು ಏಳುವ ಮೊದಲೇ ಅವಳು ಒಳಗಿರುತ್ತಿದ್ದಳು; ಈಗ ಹೊರಗಿದ್ದಳು. ಪರದೆಯ ಮೇಲಿನ ಚುಕ್ಕೆ ಮಿನುಗುತ್ತಲೇ ಇತ್ತು. ಯಾವ ಉತ್ತರವೂ ಇಲ್ಲ.

ಮತ್ತೊಮ್ಮೆ ಒಳಹೋಗಲು ನೋಡಿದಳು, ಆಗಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಲ್ಯಾಬಿನ ಟೆಕ್ನಿಷಿಯನ್, ನೋವಾಗದಂತೆ ರಕ್ತ ತೆಗೆಯುವವಳೆಂದು ಎಲ್ಲರೂ ಅವಳನ್ನು ‘ಸೂಜಿ’ ಎಂದೇ ಕರೆಯುತ್ತಿದ್ದರು.

“ಅಕ್ಕಾ, ರಿಪೋರ್ಟ್ ಹೋಗ್ತಾ ಇಲ್ಲ. ಆಸ್ಪತ್ರೆಯಿಂದ ತುರ್ತಿನ ರಕ್ತ ಬಂದಿದೆ, ಆಪರೇಷನ್‌ಗೆ ಕಾಯ್ತಾ ಇದ್ದಾರೆ. ಯಂತ್ರ ಲೆಕ್ಕ ಮುಗಿಸಿ ಕೂತಿದೆ, ಸರ್ವರ್ ತಗೋತಾ ಇಲ್ಲ.”

“ಸರ್ವರ್ ಕೋಣೆಗೆ ಹೋಗು. ಅಲ್ಲಿ ಒಂದು ಹಳೇ ಕೀಬೋರ್ಡ್ ಇದೆ.”

“ನಾನಾ? ನಂಗೆ ಅದೆಲ್ಲ ಬರಲ್ಲಕ್ಕ.”

“ಮಗುವಿನ ಕೈಯಲ್ಲಿ ನರ ಹುಡುಕ್ತೀಯ, ಕೀಬೋರ್ಡಲ್ಲಿ ಅಕ್ಷರ ಹುಡುಕೋಕಾಗಲ್ವಾ? ಹೋಗು. ಬಕೆಟ್ ಇದೆ, ಎಡವಬೇಡ.”

ಹಿಂದೆಯೇ ಗಂಡ ಬಂದು ನಿಂತ. ಆಲೂಗಡ್ಡೆಯ ನೀರು ಬತ್ತುತ್ತಾ ಬಂದಿತ್ತು. “ಇವಳೇ, ಇದು?” ಎಂದ.

“ಒಲೆ ಸಣ್ಣ ಮಾಡಿ” ಎಂದು ಅವನಿಗೆ ಹೇಳಿ, ಫೋನಿನಲ್ಲಿ, “ಪಾಸ್‌ವರ್ಡ್ ಕೇಳುತ್ತೆ” ಎಂದಳು.

“ಕೇಳ್ತಾ ಇದೆ.”

ಅವಳು ಗಂಡನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ನನಗೆ ನಿದ್ದೆ ಬೇಕು” ಎಂದಳು.

“ಅಕ್ಕ, ಪಾಸ್‌ವರ್ಡ್.”

“ಅದೇ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ನಾಳೆ ಬದಲಾಯಿಸ್ತೀನಿ, ನಗಬೇಡ.”

ಸೂಜಿ ನಕ್ಕೇ ನಕ್ಕಳು. ಗಂಡ ನಗಲಿಲ್ಲ. ಸೌಟು ಹಿಡಿದುಕೊಂಡೇ, “ಒಲೆ ಸಣ್ಣ ಮಾಡ್ದೆ. ಆಮೇಲೆ?” ಎಂದ.

“ಸ್ವಲ್ಪ ನೀರು ಹಾಕಿ. ಸೂಜಿ, ಈಗ ಬರಿ. ಸುಡೋ. ಒಂದು ಜಾಗ. ಸಿಸ್ಟಮ್‌ಸಿಟಿಎಲ್, ಕೂಡಿಸಿ ಬರಿ. ಜಾಗ. ಸ್ಟಾಪ್. ಜಾಗ. ಆಮೇಲೆ ಫೈರ್‌ವಾಲಿನ ಹೆಸರು.”

“ಸ್ಟಾಪಾ? ನಿಲ್ಲಿಸಿಬಿಟ್ರೆ ಕಾವಲೇ ಇರಲ್ಲ ಅಲ್ವಾ ಅಕ್ಕ? ಹೊರಗಿನವರು ಒಳಗೆ ಬರಲ್ವಾ?”

“ಬರಬಹುದು. ಅದಕ್ಕೇ ರಿಪೋರ್ಟ್ ಹೋಗೋ ತನಕ ಮಾತ್ರ ನಿಲ್ಲಿಸ್ತೀವಿ.”

“ಮತ್ತೆ ಇಷ್ಟು ದಿನ ಚೆನ್ನಾಗಿದ್ದಿದ್ದು ಇವತ್ತು ಯಾಕೆ ತಡೀತು?”

“ನೀರು ಹಾಕ್ದೆ. ಆಮೇಲೆ?” ಎಂದ ಗಂಡ.

ಒಂದು ಕಿವಿಯಲ್ಲಿ ‘ಯಾಕೆ’, ಇನ್ನೊಂದು ಕಿವಿಯಲ್ಲಿ ‘ಆಮೇಲೆ’. “ಮೊದಲು ಎಂಟರ್ ಒತ್ತು” ಎಂದು ಸೂಜಿಗೆ ಹೇಳಿದಳು. ಇದೇ ಮೊದಲ ಸಲ ಸರ್ವರ್ ಮುಟ್ಟಿದ ಹುಡುಗಿ ಕಾರಣ ಕೇಳುತ್ತಿದ್ದಳು. ಇಷ್ಟು ವರ್ಷ ಇದೇ ಅಡುಗೆಮನೆಯಲ್ಲಿ ಉಂಡವನು ಮುಂದಿನ ಆಜ್ಞೆಗೆ ಕಾಯುತ್ತಿದ್ದ. ಕಾಯಲು ಕಲಿಸಿದವಳು ತಾನೇ ಅಲ್ಲವೇ ಎಂಬ ಅನುಮಾನವೂ ಜೊತೆಗೇ ಬಂತು; ಅವನು ಸುಮ್ಮನೆ ಕೈಹಾಕಿದಾಗಲೆಲ್ಲ, “ಬಿಡಿ, ನೀವು ಮಾಡಿ ನಾನು ಸರಿಮಾಡೋದಕ್ಕಿಂತ ನಾನೇ ಮಾಡ್ತೀನಿ” ಎಂದು ಸೌಟು ಕಿತ್ತುಕೊಂಡದ್ದು ಉಂಟು.

“ಹೋಯ್ತು ಅಕ್ಕ, ರಿಪೋರ್ಟ್ ಹೋಯ್ತು” ಎಂದಳು ಸೂಜಿ.

“ಅದೇ ಸಾಲಲ್ಲಿ ಸ್ಟಾಪ್ ಬದಲು ಸ್ಟಾರ್ಟ್ ಅಂತ ಬರೆದು ಅಲ್ಲೇ ಇರು. ನಾನು ಬರ್ತೀನಿ.”

ಚಪ್ಪಲಿ ಮೆಟ್ಟುತ್ತಿದ್ದವಳ ಹಿಂದೆ ಗಂಡ ಬಾಗಿಲವರೆಗೆ ಬಂದ, ಸೌಟಿನ ಸಮೇತ.

“ಇದು ಯಾರು ನೋಡ್ಕೋತಾರೆ?”

“ನೀವು.”

“ಅಮ್ಮನ ಎರಡನೇ ಬಾಟ್ಲಿ?”

“ಅದೂ ನೀವೇ.”

“ಎಷ್ಟು ಹನಿ ಅಂತಾದ್ರೂ ಹೇಳಿ ಹೋಗು.”

“ಅತ್ತೇನ ಕೇಳಿ” ಎಂದವಳು ಮೆಟ್ಟಿಲಿಳಿದಳು.

ಸರ್ವರ್ ಕೋಣೆಯಲ್ಲಿ ಸೂಜಿ ಕೈಕಟ್ಟಿ ನಿಂತಿದ್ದಳು. ಮುಟ್ಟಿದರೆ ಏನಾದೀತೋ ಎಂಬಂತೆ. ಗೋಡೆಯಕ್ಕ ಕುರ್ಚಿ ಎಳೆದಳು, ಆದರೆ ಕೂರಲಿಲ್ಲ. “ನೀನು ಕೂತ್ಕೋ. ನಾನು ಹೇಳ್ತೀನಿ, ನೀನು ಬರಿ. ಅರ್ಥ ಆಗದಿದ್ರೆ ಬರೀಬೇಡ” ಎಂದಳು.

ಸೂಜಿ ಒಂದೊಂದು ಸಾಲಿಗೂ ತಡೆದಳು. ಈ ಯಂತ್ರಕ್ಕೆ ಯಾಕೆ ಬೇರೆ ಕಿಂಡಿ? ಬಿಲ್ಲಿನ ಕಂಪ್ಯೂಟರನ್ನು ಬಿಡದಿದ್ದರೆ ಏನಾಗುತ್ತದೆ? ಉಳಿಸದಿದ್ದರೆ ಎಲ್ಲಿಗೆ ಹೋಗುತ್ತವೆ? ಉತ್ತರ ಹೇಳುತ್ತಾ ಹೇಳುತ್ತಾ, ಬೆರಳುಗಳಿಗಷ್ಟೇ ಗೊತ್ತಿದ್ದದ್ದು ಬಾಯಿಗೆ ಬರುತ್ತಿರುವುದನ್ನು ಕಂಡು ಅವಳಿಗೇ ವಿಚಿತ್ರವೆನಿಸಿತು. ಒಂದು ನಿಯಮ ಯಾರಿಗಾಗಿ ಎಂದು ಅವಳಿಗೂ ಹೊಳೆಯಲಿಲ್ಲ. ನೋಡಿದರೆ ಎಂದೋ ಮಾರಿಹಾಕಿದ ಪ್ರಿಂಟರಿನದು. ಇಲ್ಲದ ಅತಿಥಿಗೆ ದಿನವೂ ಬಾಗಿಲು ತೆರೆಯುತ್ತಿದ್ದಳು. ಅದನ್ನು ಅಳಿಸಿದರು. ಈ ಸಲ ಉಳಿಸುವ ಆಜ್ಞೆಯನ್ನು ಬರೆದದ್ದನ್ನು ಇಬ್ಬರೂ ಕಣ್ಣಾರೆ ಕಂಡರು. ಸರ್ವರನ್ನು ಆರಿಸಿದರು.

ಫ್ಯಾನುಗಳು ನಿಂತು, ಎಸಿಯ ನೀರು ತೊಟ್ಟಿಕ್ಕುವ ಸದ್ದೊಂದೇ ಉಳಿಯಿತು. ಮತ್ತೆ ಗಾಳಿ ಹೊಡೆದುಕೊಂಡು ಯಂತ್ರ ಎದ್ದಿತು. ಸೂಜಿ ‘ಸ್ಟೇಟಸ್’ ಎಂದು ಕೇಳಿದಳು. ಹಸಿರು ಪದ ಬಂತು. ಯಾರೂ ಸ್ಟಾರ್ಟ್ ಎಂದಿರಲಿಲ್ಲ. ಸೂಜಿ ಓಡಿಹೋಗಿ ತನ್ನ ಯಂತ್ರದಿಂದ ಒಂದು ರಿಪೋರ್ಟ್ ಕಳಿಸಿದಳು, ಅದೂ ಬಂತು.

“ಇನ್ಮೇಲೆ ನಿಮ್ಮನ್ನ ಗೋಡೆಯಕ್ಕ ಅನ್ನೋ ಹಾಗಿಲ್ಲ. ಗೋಡೆ ತಾನೇ ನಿಂತ್ಕೊಳುತ್ತೆ” ಎಂದಳು ಸೂಜಿ.

ನಗಬೇಕಾದ ಮಾತು. ಅವಳಿಗೆ ಎಲ್ಲೋ ಚುರುಕ್ಕೆಂದಿತು. ಇಷ್ಟು ವರ್ಷ ತಾನಿಲ್ಲದಿದ್ದರೆ ಇದು ಏಳುವುದಿಲ್ಲ ಎಂದುಕೊಂಡು ಬೈದುಕೊಳ್ಳುತ್ತಲೇ ಎದ್ದಿದ್ದಳು. ಆ ಬೈಗುಳದ ಅಡಿಯಲ್ಲಿ ಒಂದಿಷ್ಟು ಹೆಮ್ಮೆಯೂ ಬೆಚ್ಚಗೆ ಮಲಗಿತ್ತು. ಬಕೆಟ್ ಎತ್ತಲು ಬಾಗಿದವಳು, ಹಾಗೇ ನೆಟ್ಟಗಾಗಿ, “ಇದೂ ಯಾಕೆ ತುಂಬುತ್ತೆ ಅಂತ ಎಸಿಯವರನ್ನ ಕೇಳ್ಬೇಕು” ಎಂದಳು.

ಮನೆಗೆ ಬಂದಾಗ ಸಂಜೆಯಾಗುತ್ತಿತ್ತು. ಆಲೂಗಡ್ಡೆ ತಳ ಹಿಡಿದಿತ್ತು. ಮೇಲಿನದನ್ನು ಕೆರೆದು ತಟ್ಟೆಗೆ ಹಾಕಿ ತಾಯಿ ಮಗ ಆಗಲೇ ಉಂಡಿದ್ದರು. ಅವಳ ಪಾಲು ಮುಚ್ಚಿಟ್ಟಿತ್ತು. ಅತ್ತೆ ಕಪ್ಪು ಕನ್ನಡಕದಲ್ಲಿ ಗಂಭೀರವಾಗಿ ಕೂತಿದ್ದರು.

“ಎರಡನೇ ಹನಿ ಹಾಕಿದ್ರಾ ಅತ್ತೆ?”

“ಹಾಕ್ದ. ಮೊದಲ್ನೇದು ಕೆನ್ನೆ ಮೇಲೆ, ಎರಡನೇದು ಕಿವಿಗೆ, ಮೂರನೇದು ಕಣ್ಣಿಗೆ ಬಿತ್ತು. ಯಾವ ಬಾಟ್ಲಿ, ಎಷ್ಟು ಅಂತ ನಾನೇ ಹೇಳ್ದೆ.”

“ನಿಮಗೆ ಗೊತ್ತಿತ್ತಾ?”

“ನನ್ನ ಕಣ್ಣಲ್ವೇನಮ್ಮ?”

“ಮತ್ತೆ ಪ್ರತಿ ಸಲ ನನ್ನನ್ನೇ ಕೇಳ್ತಿದ್ರಿ.”

“ನೀನು ಬರ್ತಿದ್ದೆ, ಅದಕ್ಕೆ” ಎಂದರು ಅತ್ತೆ. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ತಟ್ಟೆ ಹಿಡಿದು ಕೂತಳು. ಹೊಟ್ಟೆ ಹಸಿದಿತ್ತು, ಸೀದ ವಾಸನೆಯ ಊಟವೂ ರುಚಿಯಾಯಿತು. ಗಂಡ ಸುಟ್ಟ ಪಾತ್ರೆಯನ್ನು ಉಜ್ಜುತ್ತಿದ್ದ. ಬೆನ್ನು ಹಾಕಿಕೊಂಡೇ ಕೇಳಿದ:

“ಅದೇನು ಪಾಸ್‌ವರ್ಡು?”

“ಹೊಳೆದದ್ದು ಇಟ್ಟೆ.”

ಅವನು ಇನ್ನಷ್ಟು ಉಜ್ಜಿದ. “ಲ್ಯಾಬಲ್ಲಿ ಸರಿಹೋಯ್ತಾ?”

“ಹೋಯ್ತು. ಈಗ ನಾನಿಲ್ಲದೆ ಏಳುತ್ತೆ.”

“ಅಂದ್ರೆ ಹೊರಡೋದೇ ಅಂತಾಯ್ತು.” ನಲ್ಲಿ ನಿಲ್ಲಿಸಿ ತಿರುಗಿದ. “ಸರಿ. ಒಂದು ಕೆಲಸ ಮಾಡು. ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡ್ಬೇಕು ಅಂತ ಬರೆದಿಟ್ಟು ಹೋಗು. ಗೋಡೆಗೆ ಅಂಟಿಸ್ಕೊಂಡು ಅದರ ಪ್ರಕಾರ ಮಾಡ್ತೀನಿ.”

“ಬರೆಯಲ್ಲ.”

“ಯಾಕೆ, ಕೋಪಾನಾ?”

“ಕೋಪ ಅಲ್ಲ. ಬರೆದಿಟ್ರೆ ಬರೆಯದೇ ಇದ್ದದ್ದು ನಿಲ್ಲುತ್ತೆ. ಹೊರಡೋಕೆ ಇನ್ನೂ ದಿನ ಇದೆ. ನಾಳೆಯಿಂದ ನೀವು ಮಾಡಿ, ನಾನು ಇಲ್ಲೇ ಕೂತಿರ್ತೀನಿ. ಯಾಕೆ ಹೀಗೆ ಅಂತ ಕೇಳಿ, ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಆಮೇಲೇನು ಅಂತ ಕೇಳಿದ್ರೆ ಹೇಳಲ್ಲ.”

“ಇದೊಳ್ಳೆ ಪರೀಕ್ಷೆ” ಎಂದು ಗೊಣಗಿದ. “ಕೂತ್ಕೊಂಡು ನೋಡ್ತೀಯ, ಮಾತಾಡಲ್ಲ. ನಾನು ಎಡವಿದ್ರೆ?”

“ಎಡವಿ. ಇವತ್ತು ನಾನೂ ಎಡವಿದ್ದೆ. ಉಳಿಸೋದು ಮರೆತು ಎನೇಬಲ್ ಮಾಡಿ, ನಾನೇ ಹೊರಗೆ ನಿಂತೆ.”

ಅದರ ಅರ್ಥ ಅವನಿಗೆ ಆಗಲಿಲ್ಲ, ಕೇಳಲೂ ಇಲ್ಲ. ಫೋನ್ ಅವಳ ಮಡಿಲಲ್ಲಿತ್ತು. ಮೇಡಂಗೆ ಹೇಳಬೇಕಾದ ಹೊತ್ತು ಮೀರುತ್ತಿತ್ತು. ಹೋಗ್ತೀನಿ ಎಂದು ಬರೆದು, ಕಳಿಸದೆ, ಹಾಗೇ ಹಿಡಿದುಕೊಂಡು ಕೂತಳು. ಲ್ಯಾಬಿನಲ್ಲಾದರೆ ಆರಿಸಿ ಹೊತ್ತಿಸಿ ನೋಡಬಹುದಿತ್ತು. ತಾನಿಲ್ಲದೆ ಮನೆ ಏಳುತ್ತದೆಯೇ ಎಂದು ನೋಡುವ ದಾರಿ ಹೋಗುವುದೊಂದೇ.

ಗಂಡ ಮರುದಿನದ ಬೆಳಿಗ್ಗೆಗೆಂದೋ ಏನೋ, ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡುತ್ತಿದ್ದ. ಆಮೇಲೆ ತಲೆಯೆತ್ತಿದ.

“ಅಕ್ಕಿ ಡಬ್ಬಿ ಯಾಕೆ ಅಷ್ಟು ಮೇಲಿದೆ? ನಾವು ನಕ್ಷೆಯಲ್ಲಿ ಅಷ್ಟೆತ್ತರಕ್ಕೆ ದಿನಬಳಕೆ ಸಾಮಾನು ಇಡೋ ಕಪಾಟು ಹಾಕೋದೇ ಇಲ್ಲ. ನಿನಗೆ ಎಟುಕುತ್ತಾ ಅದು?”

“ಎಟುಕಲ್ಲ. ಸ್ಟೂಲ್ ಹಾಕ್ಕೋತೀನಿ.”

“ದಿನಾ?”

“ದಿನಾ.”

“ಯಾಕೆ?”

ಅವಳು ತಲೆಯೆತ್ತಿ ಕಪಾಟನ್ನು ನೋಡಿದಳು. “ನಾನು ಮದುವೆಯಾಗಿ ಬಂದಾಗ ಅಲ್ಲೇ ಇತ್ತು” ಎಂದಳು.

ಒಳಕೋಣೆಯ ಕುರ್ಚಿಯಿಂದ ಅತ್ತೆಯ ದನಿ ಬಂತು. “ನಾನು ಬಂದಾಗ್ಲೂ ಅಲ್ಲೇ ಇತ್ತು.”

ಗಂಡ ಕೈಚಾಚಿ, ಎರಡೂ ಕೈಯಲ್ಲಿ ಹಿಡಿದು, ಡಬ್ಬಿಯನ್ನು ಇಳಿಸಿದ. ಎಲ್ಲಿಡಲೆಂದು ಕೇಳಲು ಅವಳ ಕಡೆ ತಿರುಗಿದವನು ಕೇಳಲಿಲ್ಲ. ಕೆಳಗಿನ ಹಲಗೆಯಲ್ಲಿದ್ದ ಹಳೆಯ ಜಾಡಿಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡತೊಡಗಿದ. ಜಾಡಿಯೊಂದು ಉರುಳಿತು. ಅವಳು ಏಳಲಿಲ್ಲ. ಕೂತಲ್ಲಿಂದಲೇ, ಬರೆದಿಟ್ಟಿದ್ದ ಒಂದು ಪದವನ್ನು ಮೇಡಂಗೆ ಕಳಿಸಿದಳು.